ಬತ್ತಿ ಉರಿಯದ ಜೇನು

ಕಡೂರಿನ ಡಿಗ್ರಿ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಹಾಯಕಿಯಾಗಿರುವ ಶ್ರುತಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಲ್ಲಿನವರು ಹೇಳುತ್ತಾರೆ. ಅವರಿಗೆ ಅವಳ ವಿಷಯ ಅರ್ಧವೂ ಗೊತ್ತಿಲ್ಲ. ಮೂಗಿನ ತುದಿಯ ಸಿಟ್ಟು ಬಂದಷ್ಟೇ ಬೇಗ ಇಳಿದು ಹೋಗುವಂಥದ್ದು. ಶ್ರುತಿಯಾದರೋ ಸಿಟ್ಟನ್ನು ಉಪ್ಪಿನಕಾಯಿ ಹಾಕಿ ಇಟ್ಟುಕೊಳ್ಳುವವಳು. ಆಗಾಗ ಜಾಡಿಯ ಬಾಯಿ ಬಿಚ್ಚಿ, ಕೆಟ್ಟಿಲ್ಲ ತಾನೇ ಎಂದು ನೋಡಿ, ಮತ್ತೆ ಬಟ್ಟೆ ಕಟ್ಟಿ ಇಡುವವಳು. ಅವಳ ಜಾಡಿಯಲ್ಲಿ ವರ್ಷಾನುಗಟ್ಟಲೆ ಇದ್ದದ್ದು ಒಬ್ಬನೇ ಮನುಷ್ಯ, ಜೇನಂಗಡಿ ಕಾಂತರಾಜ್.

ಅವಳು ಬಿ.ಎಸ್ಸಿ. ಓದುತ್ತಿದ್ದಾಗ ನಡೆದದ್ದು ಅದು. ಅವಳ ತಾಯಿ ಓಬಮ್ಮ ದೇವನೂರಿನವಳು. ಕೂಲಿನಾಲಿ ಮಾಡಿ ಮಗಳನ್ನು ಓದಿಸುತ್ತಿದ್ದ ಆಕೆ, ಯಾವುದೋ ತರಬೇತಿಯಲ್ಲಿ ಕೊಟ್ಟ ಜೇನುಪೆಟ್ಟಿಗೆಗಳನ್ನು ತಂದು ಕೆರೆ ಏರಿಯ ನೇರಳೆ ಮರಗಳ ಕೆಳಗೆ ಇಟ್ಟಳು. ನೇರಳೆ ಹೂವಿನ ಜೇನು ಕಪ್ಪಗಿರುತ್ತದೆ, ಸ್ವಲ್ಪ ಒಗರು, ನುಂಗಿದ ಮೇಲೂ ಗಂಟಲಲ್ಲಿ ಒಂದು ಗಳಿಗೆ ಉಳಿಯುತ್ತದೆ. ಮೊದಲ ಸಲ ತುಂಬಿದ ಸೀಸೆಗಳನ್ನು ಚೀಲದಲ್ಲಿ ಒತ್ತೊತ್ತಾಗಿ ಜೋಡಿಸಿಕೊಂಡು ತಾಯಿ ಮಗಳಿಬ್ಬರೂ ಸಿಂಗಟಗೆರೆಯ ಸಂತೆಗೆ ಹೋದರು. ಸುತ್ತಲಿನ ಜೇನು ಸಾಕುವವರೆಲ್ಲ ಅಲ್ಲಿಗೇ ಬರುತ್ತಿದ್ದರು, ಏಕೆಂದರೆ ಕಡೂರಿನ ವ್ಯಾಪಾರಿ ಕಾಂತರಾಜ್ ಸಂತೆಯ ದಿನ ಅಲ್ಲಿ ವ್ಯಾನ್ ನಿಲ್ಲಿಸಿ ಜೇನು ಕೊಳ್ಳುತ್ತಿದ್ದ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಇತ್ತು. ಈ ಕಡೆ ಎಲ್ಲರೂ ನಂಬುವ ಪರೀಕ್ಷೆ ಅದು. ಹತ್ತಿಯ ಬತ್ತಿಯನ್ನು ಜೇನಿನಲ್ಲಿ ಅದ್ದಿ ಕಡ್ಡಿ ಗೀರಿ ಹಚ್ಚುವುದು. ದೀಪದಂತೆ ಉರಿದರೆ ಅಸಲು ಜೇನು, ಚಟಚಟ ಅಂದು ಆರಿದರೆ ಕಲಬೆರಕೆ. ಕಾಂತರಾಜ್ ಓಬಮ್ಮನ ಸೀಸೆಗೆ ಬತ್ತಿ ಅದ್ದಿದ. ಕಡ್ಡಿ ಗೀರಿದ. ಬತ್ತಿ ಚಟಚಟ ಅಂದಿತು, ಹೊಗೆಯಾಡಿತು, ಆರಿಹೋಯಿತು. ಎರಡನೇ ಕಡ್ಡಿಗೂ ಅದೇ ಆಯಿತು.

"ಇದು ಜೇನಲ್ಲ ಕಣಮ್ಮ, ಬೆಲ್ಲದ ಪಾಕ. ಬಣ್ಣ ನೋಡಿದ್ರೇ ಗೊತ್ತಾಗಲ್ವಾ?" ಎಂದ ಕಾಂತರಾಜ್. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಸೀಸೆಯನ್ನು ಎತ್ತಿ ಹಿಡಿದು ಸುತ್ತ ನಿಂತವರಿಗೆಲ್ಲ ತೋರಿಸಿದ. "ನೋಡ್ಕಳ್ರಪ್ಪಾ. ತಿನ್ನೋ ಪದಾರ್ಥ ತಗೊಳ್ಳೋವಾಗ ಯಾರ ಕೈಯಿಂದ ಬಂದದ್ದು ಅನ್ನೋದ್ನೂ ನೋಡ್ಬೇಕು."

ಆ ಮಾತಿನ ಅರ್ಥ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಓಬಮ್ಮ ಯಾವ ಕೇರಿಯವಳು ಎಂಬುದೂ ಗೊತ್ತಿತ್ತು. ಕೆಲವರು ನಕ್ಕರು, ಕೆಲವರು ನೆಲ ನೋಡಿದರು. "ನಮ್ಮವ್ವನ ಜೇನು ನಾನೇ ಹಿಂಡಿದ್ದು ಕಣ್ರೀ!" ಎಂದು ಶ್ರುತಿ ಕಿರುಚಿದಳು. ಓಬಮ್ಮ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಸ್ಸು ಹತ್ತಿದಳು. ಅಂದಿನಿಂದ ಆಕೆಗೆ ಪಾಕದ ಓಬಮ್ಮ ಎಂಬ ಹೆಸರು ಬಿತ್ತು. ಬಸ್ಸಿನಲ್ಲಿ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ, ಕಡೆಗೆ ಶ್ರುತಿಯ ಮದುವೆಗೆ ಬಂದವರ ಬಾಯಲ್ಲೂ ಅದೇ ಹೆಸರು.

ಓಬಮ್ಮ ಮಾತ್ರ ಜೇನು ಬಿಡಲಿಲ್ಲ. ಮಾರನೆಯ ವರ್ಷದಿಂದ ಅಕ್ಕಪಕ್ಕದ ಹಳ್ಳಿಗಳಿಗೆ ತಾನೇ ಹೊತ್ತು ಮಾರಿದಳು. ಶ್ರುತಿ ಲ್ಯಾಬಿನ ಕೆಲಸ ಹಿಡಿದು ಕಡೂರಿನಲ್ಲಿ ಸಂಸಾರ ಹೂಡಿದಳು. ಕೆಲಸಕ್ಕೆ ಹೋಗುವ ದಾರಿಯಲ್ಲೇ ಕಾಂತರಾಜನ ಅಂಗಡಿ. ಅದು ವರ್ಷದಿಂದ ವರ್ಷಕ್ಕೆ ದೊಡ್ಡದಾಯಿತು, ಗಾಜಿನ ಬಾಗಿಲು ಬಂತು, ಬಾಗಿಲ ಮೇಲೆ ಉರಿಯುವ ಬತ್ತಿಯ ಚಿತ್ರ ಬಂತು. ಆ ಚಿತ್ರ ಕಂಡಾಗಲೆಲ್ಲ ಶ್ರುತಿ ತನ್ನ ಜಾಡಿಯ ಬಾಯಿ ಬಿಚ್ಚುತ್ತಿದ್ದಳು. ಇವನನ್ನು ನಾಲ್ಕು ಜನರ ಮುಂದೆ, ಅದೇ ಸಂತೆಯ ಜನರ ಮುಂದೆ, ತಲೆ ತಗ್ಗಿಸುವಂತೆ ಮಾಡದಿದ್ದರೆ ನಾನು ಓಬಮ್ಮನ ಮಗಳೇ ಅಲ್ಲ ಎಂದುಕೊಳ್ಳುತ್ತಿದ್ದಳು.

ದಾರಿ ತಾನಾಗಿಯೇ ತೆರೆಯಿತು. ಕಾಲೇಜಿನ ಕೆಮಿಸ್ಟ್ರಿ ಅಧ್ಯಾಪಕಿ ಅಶ್ವಿನಿ ಮೇಡಂ ಒಂದು ಪ್ರಾಜೆಕ್ಟ್ ಹಿಡಿದರು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕುಗಳಲ್ಲಿ ಬೇರೆ ಬೇರೆ ಹೂವಿನಿಂದ ಬಂದ ಜೇನಿನಲ್ಲಿ ಆ್ಯಂಟಿಆಕ್ಸಿಡೆಂಟ್ ಎಷ್ಟಿದೆ ಎಂದು ಅಳೆಯುವುದು. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದಲ್ಲ, ಹಾಗೇ ನಮ್ಮ ಮೈಯೊಳಗೂ ಒಂದು ಬಗೆಯ ಕೆಡುಕು ನಡೆಯುತ್ತಿರುತ್ತದೆ, ಅದನ್ನು ತಡೆಯುವ ಗುಣ ಇದು ಎಂದು ಮೇಡಂ ತಿಳಿಸಿ ಹೇಳಿದರು. ಅಳತೆಗೆ ಡಿಪಿಪಿಎಚ್ ಎಂಬ ಪುಡಿ ಇದೆ. ಅದನ್ನು ಕರಗಿಸಿದರೆ ಗಾಢ ಊದಾ ಬಣ್ಣ ಬರುತ್ತದೆ. ಜೇನು ಬೆರೆಸಿ ಕತ್ತಲಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಬಣ್ಣ ಇಳಿದು ಹಳದಿಯಾಗುತ್ತಾ ಹೋಗುತ್ತದೆ. ಎಷ್ಟು ಇಳಿಯಿತೋ ಅಷ್ಟು ಒಳ್ಳೆಯ ಅಂಕ.

"ಸಾಮಾನ್ಯವಾಗಿ ಕಪ್ಪು ಜೇನೇ ಮುಂದಿರುತ್ತೆ. ನೇರಳೆಯಂಥದ್ದು" ಎಂದರು ಮೇಡಂ.

ಶ್ರುತಿ ತೊಳೆಯುತ್ತಿದ್ದ ಗಾಜಿನ ಕೊಳವೆಯನ್ನು ಕೆಳಗಿಟ್ಟಳು. ಕಪ್ಪು ಜೇನು! ಬಣ್ಣ ನೋಡಿದರೇ ಗೊತ್ತಾಗಲ್ವಾ ಎಂದಿದ್ದನಲ್ಲ ಆ ಭೂಪ, ಈಗ ಗೊತ್ತಾಗಲಿ. ಪ್ರಾಜೆಕ್ಟಿನ ಕೊನೆಗೆ ಜೇನು ಸಾಕುವವರನ್ನೆಲ್ಲ ಕಾಲೇಜಿಗೆ ಕರೆದು ಫಲಿತಾಂಶ ಓದುವುದೆಂದು ತೀರ್ಮಾನವಾಗಿತ್ತು. ಓದುವಾಗ ಮೊದಲ ಹೆಸರು ದೇವನೂರಿನ ಓಬಮ್ಮನದಾಗಿರಬೇಕು, ಅದನ್ನು ಕಾಂತರಾಜ್ ಮುಂದಿನ ಸಾಲಿನಲ್ಲಿ ಕೂತು ಕೇಳಬೇಕು. ಶ್ರುತಿ ಅವತ್ತೇ ದೇವನೂರಿನಿಂದ ತಾಯಿಯ ಸೀಸೆಯೊಂದನ್ನು ತರಿಸಿಟ್ಟಳು.

ಲಿಂಗದಹಳ್ಳಿಯಿಂದ ತೀರ್ಥಪ್ಪ ಎಂಬುವರು ಕಾಫಿ ಹೂವಿನ ಜೇನು ಕಳಿಸಿದರು. ಅಜ್ಜಂಪುರದ ಕಡೆಯಿಂದ ಸೂರ್ಯಕಾಂತಿಯದು ಬಂತು, ಹೊಂಗೆಯದೂ ಬಂತು. ಕಾಂತರಾಜ್ ತನ್ನ ಹುಚ್ಚೆಳ್ಳು ಹೂವಿನ ಜೇನನ್ನು ತಾನೇ ತಂದ. ಬಿಳಿ ಅಂಗಿ, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಬಾಯ್ತುಂಬ ನಗು.

"ಮೇಡಂ ಇಲ್ವೇನಮ್ಮಾ? ಚೆನ್ನಾಗ್ ಟೆಸ್ಟ್ ಮಾಡಿ. ನಮ್ ಜೇನಿಗೆ ಬತ್ತಿ ಅದ್ದಿ ಹಚ್ಚಿದ್ರೆ ತುಪ್ಪದ ದೀಪ ಉರ್ದಂಗೆ ಉರೀತದೆ."

ಅವನಿಗೆ ಅವಳ ಗುರುತೇ ಹತ್ತಲಿಲ್ಲ. ಶ್ರುತಿಗೆ ಅದು ಹಳೆಯ ಅವಮಾನಕ್ಕಿಂತ ಹೆಚ್ಚು ಉರಿಸಿತು. ಇಷ್ಟು ವರ್ಷ ಅವಳು ದಿನಾ ನೆನೆದದ್ದು ಅವನ ಮುಖವನ್ನು, ಅವನಿಗೆ ನೆನಪಿಟ್ಟುಕೊಳ್ಳುವಂಥದ್ದು ಏನೂ ನಡೆದೇ ಇರಲಿಲ್ಲ. "ಮಾಡ್ತೀವಿ ಸರ್, ಚೆನ್ನಾಗೇ ಮಾಡ್ತೀವಿ" ಎಂದು ಸೀಸೆ ಇಸಿದುಕೊಂಡಳು.

ಪರೀಕ್ಷೆಯ ದಿನ ಕೊಳವೆಗಳನ್ನು ಕಪಾಟಿನ ಕತ್ತಲೆಯಲ್ಲಿಟ್ಟು, ಹೊತ್ತು ಮುಗಿದ ಮೇಲೆ ಬಾಗಿಲು ತೆಗೆದಳು. ಸೂರ್ಯಕಾಂತಿಯ ಬಣ್ಣ ಹೆಚ್ಚು ಇಳಿದಿರಲಿಲ್ಲ. ಕಾಫಿಯದು ಪರವಾಗಿಲ್ಲ. ಹೊಂಗೆಯದು ಇನ್ನೂ ಚೆನ್ನಾಗಿತ್ತು. ಓಬಮ್ಮನ ನೇರಳೆ ಹೊನ್ನಿನ ಹಳದಿಗೆ ತಿರುಗಿತ್ತು. ಅದರ ಪಕ್ಕದ ಕೊಳವೆ ಅದಕ್ಕಿಂತ ಹಳದಿಯಾಗಿತ್ತು. ಅದು ಕಾಂತರಾಜನದು.

ಅವಳು ನಂಬಲಿಲ್ಲ. ಮತ್ತೆ ಮಾಡಿದಳು. ಯಂತ್ರವೂ ಅದನ್ನೇ ಹೇಳಿತು. ಆ ದರಿದ್ರ ಯಂತ್ರವನ್ನು ಎತ್ತಿ ಕಿಟಕಿಯಾಚೆ ಎಸೆಯಬೇಕೆನಿಸಿತು. ಮೇಡಂ ತರಗತಿಗೆ ಹೋಗಿದ್ದರು, ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ, ಎರಡು ಸೀಸೆಯ ಚೀಟಿ ಅದಲು ಬದಲು ಮಾಡಿದರೆ ಮುಗಿಯಿತು. ಕೈ ಚೀಟಿಯವರೆಗೆ ಹೋಯಿತು ಕೂಡ. ಹಿಂದೆ ಬಂದದ್ದು ಧರ್ಮಕ್ಕೆ ಹೆದರಿ ಅಲ್ಲ. ಸುಳ್ಳು ಫಲಿತಾಂಶವಾದರೆ ಅವನು ಬೇರೆ ಲ್ಯಾಬಿನಲ್ಲಿ ಮಾಡಿಸಿ ಗೆದ್ದು ಬರುತ್ತಾನೆ, ಆಗ ಅವ್ವ ಎರಡನೇ ಸಲ ಪಾಕದ ಓಬಮ್ಮ ಆಗುತ್ತಾಳೆ. ಅವನು ಬಿದ್ದರೆ ಮತ್ತೆ ಏಳಬಾರದು, ಅದಕ್ಕೆ ಸತ್ಯವೇ ಬೇಕು.

ಕಾಲೇಜಿನ ಯಾರದೋ ಬಾಯಿಂದ ಸುದ್ದಿ ಕಾಂತರಾಜನಿಗೆ ಮುಟ್ಟಿತು. ಮಾರನೆಯ ದಿನವೇ ಫೋನ್ ಬಂತು. ತನ್ನ ಜೇನಿಗೆ ಮೊದಲ ಸ್ಥಾನ ಬಂದ ಸರ್ಟಿಫಿಕೇಟ್ ಬೇಕು, ಸೀಸೆಯ ಲೇಬಲ್ ಮೇಲೆ ಅಚ್ಚು ಹಾಕಿಸುತ್ತೇನೆ, ಸಭೆಯ ದಿನದ ಊಟದ ಖರ್ಚು ನನ್ನದೇ ಎಂದ. ಶ್ರುತಿ ಫೋನಿಟ್ಟು ಅವನ ಸೀಸೆಯನ್ನು ತೆಗೆದು ಮೂಸಿದಳು. ಹೂವಿನ ವಾಸನೆ ಇರಲಿಲ್ಲ. ಆಲೆಮನೆಯ ಕೊಪ್ಪರಿಗೆ ತಳ ಹಿಡಿದಾಗ ಬರುವಂಥ ವಾಸನೆ ಇತ್ತು. ಸೀಸೆಯನ್ನು ಮೇಡಂ ಮುಂದಿಟ್ಟಳು.

ಅಶ್ವಿನಿ ಮೇಡಂ ಮೂಸಿ ಹುಬ್ಬು ಗಂಟಿಕ್ಕಿದರು. "ಕಾಯಿಸಿದಾರೆ. ಜೋರಾಗಿ ಕಾಯಿಸಿದ್ರೆ ಜೇನು ಕಂದು ಬಣ್ಣಕ್ಕೆ ತಿರುಗುತ್ತೆ, ಆ ಕಂದು ಪದಾರ್ಥವೂ ಡಿಪಿಪಿಎಚ್ ಬಣ್ಣ ಇಳಿಸುತ್ತೆ. ನಂಬರ್ ಏರುತ್ತೆ, ಜೇನು ಮಾತ್ರ ಹಾಳಾಗಿರುತ್ತೆ. ಅದಕ್ಕೆ ಬೇರೆ ಟೆಸ್ಟ್ ಇದೆ ಶ್ರುತಿ. ಕಾಯಿಸಿದ ಜೇನಲ್ಲಿ ಎಚ್‌ಎಂಎಫ್ ಅಂತ ಒಂದು ವಸ್ತು ಹುಟ್ಟಿರುತ್ತೆ. ಅದಿದ್ರೆ ಕೆಂಪಾಗುತ್ತೆ. ಎಲ್ಲಾ ಸೀಸೆಗೂ ಮಾಡೋಣ. ಕೆಂಪಾದದ್ದು ಯಾವುದೂ ಪಟ್ಟಿಯಲ್ಲಿ ನಿಲ್ಲಬಾರದು."

"ಹಸಿ ಜೇನಿಗೆ ಬತ್ತಿ ಉರಿಯುತ್ತಾ ಮೇಡಂ?"

"ನಾವು ಪೆಟ್ಟಿಗೇಲಿ ಸಾಕೋ ತುಡುವೆ ಹುಳದ ಜೇನಲ್ಲಿ ನೀರಿನಂಶ ಜಾಸ್ತಿ. ಎಲ್ಲೋ ಕೆಲವು ಗಟ್ಟಿ ಜೇನು ಉರಿದೀತು, ಹೆಚ್ಚಿನದು ಚಟಚಟ ಅನ್ನುತ್ತೆ. ಸಕ್ಕರೆ ಪಾಕ ಗಟ್ಟಿಯಾಗಿದ್ರೆ ಚೆನ್ನಾಗೇ ಉರಿಯುತ್ತೆ. ಅದು ಪರೀಕ್ಷೆನೇ ಅಲ್ಲ."

ಶ್ರುತಿಗೆ ಕೂತಲ್ಲೇ ಕಣ್ಣು ತುಂಬಿತು. ಅವತ್ತು ಸಂತೆಯಲ್ಲಿ ಆರಿಹೋದ ಬತ್ತಿ ಹೇಳಿದ್ದು ಅವ್ವನ ಜೇನು ಹಸಿ ಎಂದು, ಪಾಕ ಎಂದಲ್ಲ. ಕಾಂತರಾಜನ ದೀಪ ಉರಿಯುತ್ತಿದ್ದದ್ದು ಅವನು ಕುದಿಸುತ್ತಿದ್ದುದರಿಂದ.

ಅವನ ಸೀಸೆಯದನ್ನೇ ಮೊದಲು ಮಾಡಿದಳು. ಜೇನಿನ ಸಾರ ತೆಗೆದು, ಬಟ್ಟಲಿಗೆ ಹಾಕಿ, ಮೇಲೆ ದ್ರಾವಣ ಬಿಟ್ಟಳು. ಕೆಂಪು! ದಾಳಿಂಬೆ ರಸದ ಕೆಂಪು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಾಫಿಗೆ ಬಿಟ್ಟಳು, ಏನೂ ಇಲ್ಲ. ಹೊಂಗೆಗೆ, ಸೂರ್ಯಕಾಂತಿಗೆ ಬಿಟ್ಟಳು, ಏನೂ ಇಲ್ಲ. ಕೊನೆಯದು ತಾಯಿಯ ಸೀಸೆ. ಲೆಕ್ಕಕ್ಕೆ ಆಗಲಿ ಎಂದು, ನಾಳೆ ಸಭೆಯಲ್ಲಿ ಮೊದಲ ಹೆಸರು ಓದುವುದನ್ನು ನೆನೆಯುತ್ತಾ, ಅರ್ಧ ಗಮನದಲ್ಲಿ ಬಿಟ್ಟಳು.

ಅದೂ ಕೆಂಪಾಯಿತು.

ಮಧ್ಯಾಹ್ನದ ಬಸ್ಸಿಗೇ ಅವಳು ದೇವನೂರಿಗೆ ಹೋದಳು. ಓಬಮ್ಮ ಹಿತ್ತಲಲ್ಲಿ ಹುರುಳಿ ಕೇರುತ್ತಿದ್ದಳು. ಮಗಳ ಮುಖ ನೋಡಿ ಮೊರ ಕೆಳಗಿಟ್ಟಳು.

"ಅವ್ವಾ, ನೀನು ಜೇನು ಕಾಯಿಸ್ತೀಯಾ?"

"ಹೂಂ ಮತ್ತೆ. ಕಾಯಿಸ್ದೆ ಕೊಟ್ರೆ ಯಾರು ತಗೋತಾರೆ?" ಎಂದಳು ಓಬಮ್ಮ. ಅವಳ ದನಿಯಲ್ಲಿ ಅಳುಕು ಇರಲಿಲ್ಲ, ಹೆಮ್ಮೆ ಇತ್ತು. ಒಳಗಿನಿಂದ ಒಂದು ಸೀಸೆ, ಒಂದು ಬತ್ತಿ, ಬೆಂಕಿಪೊಟ್ಟಣ ತಂದಳು. "ಆ ಸಂತೆ ಆದ್ಮೇಲೆ, ನೀನು ಹಾಸ್ಟೆಲಲ್ಲಿದ್ದಾಗ, ಅದೆಷ್ಟು ದಿನ ಒದ್ದಾಡ್ದೆ ಗೊತ್ತೇನೇ? ಬಾಣಲೆಗೆ ಹಾಕಿ ಸಣ್ಣ ಉರೀಲಿ ಕುದಿಸಿ ಕುದಿಸಿ, ಬತ್ತಿ ಅದ್ದಿ ಅದ್ದಿ ನೋಡಿ, ಹದ ಕಂಡುಕೊಂಡೆ. ಈಗ ನೋಡು."

ಕಡ್ಡಿ ಗೀರಿದಳು. ಬತ್ತಿ ನೆಟ್ಟಗೆ, ಸದ್ದಿಲ್ಲದೆ ಉರಿಯಿತು. ಆ ಬೆಳಕಿನಲ್ಲಿ ತಾಯಿಯ ಮುಖ ಅರಳಿತು. ಯಾರ ಮುಂದೆಯೂ ಇನ್ನೊಮ್ಮೆ ತಲೆ ತಗ್ಗಿಸಬಾರದೆಂದು ಆಕೆ ವರ್ಷ ವರ್ಷವೂ ತನ್ನ ಒಳ್ಳೆಯ ಜೇನನ್ನು ತಾನೇ ಬಾಣಲೆಗೆ ಸುರಿದು ಕೆಡಿಸಿಕೊಂಡಿದ್ದಳು. ಇದಕ್ಕೆಲ್ಲ ಆ ನನ್ಮಗನೇ ಕಾರಣ ಎನಿಸಿತು ಶ್ರುತಿಗೆ. ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು.

ಓಬಮ್ಮ ಬತ್ತಿಯನ್ನು ಊದಿ ಆರಿಸಿದಳು. ಆರಿದ ಬತ್ತಿಯನ್ನು ಬೆರಳಲ್ಲಿ ಹೊರಳಿಸಿ ನೋಡಿದಳು.

"ಹಂಗಾರೆ ಅವತ್ತಿನದು ಒಳ್ಳೇದಿತ್ತು" ಎಂದಳು ಕಡೆಗೆ.

"ಅವತ್ತಿನದೇ ಒಳ್ಳೇದಿತ್ತು ಕಣವ್ವಾ. ನಿನ್ನ ಸೀಸೆ ಸಭೆಗೆ ಬರೋದು ಬೇಡ. ಮೇಡಂಗೆ ಹೇಳಿ ವಾಪಸ್ ತಗೊಂಡ್ಬಿಡ್ತೀನಿ. ಅವನೊಬ್ಬನದೇ ಕೆಂಪು ಮಾಡಿ ತೋರಿಸ್ತೀನಿ."

"ಬ್ಯಾಡ." ಓಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತಿರಲಿಲ್ಲ, ಕಣ್ಣು ಮಾತ್ರ ಕೆಂಡದಂತಿತ್ತು. "ನನ್ನದು ಮುಚ್ಚಿಟ್ರೆ ನಾಳೆ ಅವ್ನು ಅದನ್ನೇ ಹಿಡ್ಕಂಡು ತಪ್ಪಿಸ್ಕತಾನೆ. ಎರಡೂ ತೋರ್ಸು. ನಾನೂ ಬತ್ತೀನಿ. ಮುಳುಗೋದಾದ್ರೆ ಅವನ ಕೊರಳಪಟ್ಟಿ ಹಿಡ್ಕಂಡೇ ಮುಳುಗ್ತೀನಿ."

ತನ್ನ ಸಿಟ್ಟು ಯಾರ ಕಡೆಯಿಂದ ಬಂದದ್ದು ಎಂಬುದು ಶ್ರುತಿಗೆ ಅವತ್ತು ತಿಳಿಯಿತು.

ಸಭೆಯ ದಿನ ಕಾಲೇಜಿನ ಸಭಾಂಗಣ ತುಂಬಿತ್ತು. ಸಿಂಗಟಗೆರೆಯ ಸಂತೆಯಲ್ಲಿ ಅಂದು ನಕ್ಕವರಲ್ಲಿ ಹಲವರು ಬಂದಿದ್ದರು. ಕಾಂತರಾಜ್ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ. ಫಲಿತಾಂಶ ಓದುವ ಮುಂಚೆ ತಾನು ಎರಡು ಮಾತಾಡುತ್ತೇನೆಂದು ಮೈಕ್ ಹಿಡಿದ. ಜೊತೆಗೆ ತನ್ನ ಅಂಗಡಿಯ ಹೊಸ ಸೀಸೆ, ಬತ್ತಿಯ ಡಬ್ಬಿ. ಬೇಡವೆಂದರೂ ಬಿಡುವವನಲ್ಲ ಅವನು.

"ಮೆಷೀನು ಗಿಷೀನು ಎಲ್ಲ ಈಗ ಬಂದದ್ದು ಕಣ್ರೀ. ನಮ್ ಹಿರೀಕರ ಪರೀಕ್ಷೆ ಇದು" ಎಂದು ಬತ್ತಿ ಅದ್ದಿ ಹಚ್ಚಿದ. ಚೆನ್ನಾಗಿ ಉರಿಯಿತು. ಚಪ್ಪಾಳೆ ಬಿತ್ತು. ಚಪ್ಪಾಳೆಯ ಕಾವಿನಲ್ಲಿ ತೀರ್ಥಪ್ಪನವರ ಕಾಫಿ ಜೇನಿಗೂ ಬತ್ತಿ ಅದ್ದಿದ, ಅದು ಚಟಚಟ ಅಂದು ಆರಿತು. ತೀರ್ಥಪ್ಪ ಕೂತಲ್ಲೇ ಕುಗ್ಗಿಹೋದರು.

ಆಗ ಹಿಂದಿನ ಸಾಲಿನಿಂದ ಓಬಮ್ಮ ಎದ್ದು ಬಂದಳು. ಕೈಯಲ್ಲಿ ಅವಳ ಸೀಸೆ. "ನನ್ನದಕ್ಕೂ ಹಚ್ರೀ" ಎಂದಳು. ಅವನು ಹಚ್ಚಿದ. ಅದೂ ದೀಪದಂತೆ ಉರಿಯಿತು.

"ಪರವಾಗಿಲ್ವಲ್ಲಮ್ಮ, ಒಳ್ಳೇ ಜೇನು!" ಎಂದ ಕಾಂತರಾಜ್, ಮೈಕಿನಲ್ಲೇ.

"ಬಾಯ್ಬಿಟ್ಟು ಹೇಳಿದ್ರಲ್ಲ, ಸಾಕು" ಎಂದಳು ಓಬಮ್ಮ. "ಲೇ ಶ್ರುತಿ, ಈಗ ನಿಂದು ಮಾಡು."

ಮೇಡಂ ಪರೀಕ್ಷೆ ಏನೆಂದು ಸರಳವಾಗಿ ಹೇಳುತ್ತಿದ್ದಂತೆ ಶ್ರುತಿ ಮೇಜಿನ ಮೇಲೆ ಮೂರು ಬಿಳಿ ಬಟ್ಟಲು ಇಟ್ಟಳು. ಅವನು ಆಗಷ್ಟೇ ಬಿರಡೆ ತೆಗೆದ ಸೀಸೆಯಿಂದ ಒಂದಕ್ಕೆ, ತೀರ್ಥಪ್ಪನವರದರಿಂದ ಒಂದಕ್ಕೆ, ತಾಯಿಯದರಿಂದ ಒಂದಕ್ಕೆ ಸಾರ ತೆಗೆದು ಹಾಕಿದಳು. ದ್ರಾವಣ ಬಿಟ್ಟಳು. ಬತ್ತಿ ಆರಿದ ತೀರ್ಥಪ್ಪನವರ ಜೇನು ಹಾಗೆಯೇ ಉಳಿಯಿತು. ಬತ್ತಿ ಉರಿದ ಎರಡೂ ಕೆಂಪಾದವು. ಬಟ್ಟಲುಗಳನ್ನು ತಟ್ಟೆಯಲ್ಲಿಟ್ಟು ಸಾಲು ಸಾಲಿಗೂ ಹಿಡಿದು ತೋರಿಸಿದಳು. ಹಿಂದೆ ಕೂತವರು ಎದ್ದು ನಿಂತು ನೋಡಿದರು.

"ಕುದಿಸಿದ ಜೇನು" ಎಂದರು ಅಶ್ವಿನಿ ಮೇಡಂ. "ಎರಡೂ ಪಟ್ಟಿಯಿಂದ ಹೊರಗೆ. ಸರ್ಟಿಫಿಕೇಟ್ ಇಲ್ಲ."

ಕಾಂತರಾಜನ ಮುಖ ಬಟ್ಟಲಿನ ಬಣ್ಣಕ್ಕೇ ಬಂತು. "ನಂದೊಂದೇ ಏನ್ರೀ? ಈಯಮ್ಮಂದೂ ಕೆಂಪಾಗಿದೆ! ಈಯಮ್ಮನೂ ಕುದಿಸವ್ಳೆ!"

"ಹೂಂ, ಕುದಿಸೀನಿ" ಎಂದಳು ಓಬಮ್ಮ. ಮೈಕ್ ಬೇಕಾಗಲಿಲ್ಲ. "ಸಿಂಗಟಗೆರೆ ಸಂತೇಲಿ ನೀನು ನನ್ನ ಹಸೀ ಜೇನಿಗೆ ಬತ್ತಿ ಹಚ್ಚಿ ಪಾಕ ಅಂದೆ. ಯಾರ ಕೈಯಿಂದ ಬಂದದ್ದು ನೋಡ್ಕಳಿ ಅಂದೆ. ನಾನು ಪಾಕದ ಓಬಮ್ಮ. ನೆನಪಾಯ್ತಾ? ನೀನು ಒಳ್ಳೇದು ಅನ್ಲಿ ಅಂತ ನಾನು ಕೆಡಿಸ್ಕಂಡೆ. ಇವತ್ತು ನೀನೇ ಒಳ್ಳೇದು ಅಂದೆ. ನನ್ನದು ನಾನು ಒಪ್ಪಿಕಂಡೆ ಕಣಯ್ಯಾ, ನಿಂದು ನೀನು ಒಪ್ಪಿಕೋ."

ಕಾಂತರಾಜ್ ಓಬಮ್ಮನನ್ನು ನೋಡಿದ, ತಟ್ಟೆ ಹಿಡಿದು ನಿಂತ ಶ್ರುತಿಯನ್ನು ನೋಡಿದ. ಈಗ ಗುರುತು ಹತ್ತಿತು. ಶಾಲನ್ನು ಕುರ್ಚಿಯ ಮೇಲೆ ಬಿಟ್ಟು, ಬತ್ತಿಯ ಡಬ್ಬಿಯನ್ನೂ ಮರೆತು, ಪಕ್ಕದ ಬಾಗಿಲಿನಿಂದ ಹೊರಟುಹೋದ. ಅವನು ದಾಟುವಾಗ ಯಾರೋ "ಪಾಕದ ಕಾಂತರಾಜ್" ಎಂದರು, ಸಾಲು ಸಾಲೇ ನಕ್ಕಿತು. ಆ ನಗುವನ್ನು ಶ್ರುತಿ ಕಿವಿ ತುಂಬ ತುಂಬಿಕೊಂಡಳು. ಅವಳಿಗೆ ಒಂದು ಚೂರೂ ಕನಿಕರ ಬರಲಿಲ್ಲ, ಬರಲಿಲ್ಲವಲ್ಲ ಎಂದು ಬೇಸರವೂ ಆಗಲಿಲ್ಲ.

ಅವನು ತರಿಸಿದ್ದ ಊಟವನ್ನು ಎಲ್ಲರೂ ಉಂಡರು. ಓಬಮ್ಮ ಎರಡು ಸಲ ಪಾಯಸ ಹಾಕಿಸಿಕೊಂಡಳು.

ಬಸ್ ಸ್ಟ್ಯಾಂಡಿನಲ್ಲಿ ಶ್ರುತಿ ಕೇಳಿದಳು, "ಸಮಾಧಾನ ಆಯ್ತೇನವ್ವಾ?"

"ಆಯ್ತು" ಎಂದಳು ಓಬಮ್ಮ. ಬಸ್ಸು ಬರುವ ದಾರಿ ನೋಡುತ್ತಾ, "ಆದ್ರೆ ಅಷ್ಟು ವರ್ಷದ ಜೇನು ಕಣೇ. ಹುಳ ಎಷ್ಟು ಅಲೆದು ತಂದಿದ್ವು. ಅದನ್ನ ಅವ್ನು ವಾಪಸ್ ಕೊಡ್ತಾನಾ?" ಎಂದಳು.

ಬೇಸಿಗೆಯಲ್ಲಿ ಕೆರೆ ಏರಿಯ ನೇರಳೆ ಹೂಬಿಟ್ಟು ಉದುರಿತು, ಪೆಟ್ಟಿಗೆ ತುಂಬಿತು. ಜೇನು ತೆಗೆಯುವ ದಿನ ಶ್ರುತಿ ರಜೆ ಹಾಕಿ ದೇವನೂರಿಗೆ ಹೋದಳು. ಒಲೆ ಹಚ್ಚಿರಲಿಲ್ಲ, ಬಾಣಲೆಯನ್ನು ಬೋರಲು ಹಾಕಿತ್ತು. ಸೋಸಿದ ಹಸಿ ಜೇನು ಕಪ್ಪಗೆ, ತೆಳ್ಳಗೆ, ಒಗರು ವಾಸನೆ ಬಿಡುತ್ತಾ ಸೀಸೆಗಿಳಿಯಿತು. ಓಬಮ್ಮ ಅಭ್ಯಾಸಬಲದಿಂದ ಒಂದು ಬತ್ತಿ ಅದ್ದಿ ಕಡ್ಡಿ ಗೀರಿದಳು. ಚಟಚಟ ಅಂದಿತು, ಹೊಗೆಯಾಡಿತು, ಆರಿತು. ಓಬಮ್ಮ ಇನ್ನೊಂದು ಕಡ್ಡಿ ಗೀರಿ ಆ ಸದ್ದನ್ನು ಮತ್ತೆ ಆಲಿಸಿದಳು, ನಗುತ್ತಾ ಆಲಿಸಿದಳು. ಆಮೇಲೆ ಆ ಅರೆಸುಟ್ಟ ಬತ್ತಿಯನ್ನು ಖಾಲಿ ಬೆಂಕಿಪೊಟ್ಟಣದಲ್ಲಿಟ್ಟು ಮಗಳ ಕೈಗೆ ಕೊಟ್ಟಳು. ಶ್ರುತಿ ಅದನ್ನು ಚೀಲದ ಒಳಜೇಬಿಗೆ ಹಾಕಿಕೊಂಡಳು.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವಳು ಗಾಜಿನ ಬಾಗಿಲು ತಳ್ಳಿ ಒಳಗೆ ಹೋದಳು. ಕಾಂತರಾಜ್ ಒಬ್ಬನೇ ಕೂತಿದ್ದ. ಬಾಗಿಲ ಮೇಲಿನ ಬತ್ತಿಯ ಚಿತ್ರ ಕೆರೆದು ತೆಗೆದಿತ್ತು, ಅಂಟು ಇನ್ನೂ ಉಳಿದಿತ್ತು. ಅವಳು ಪೊಟ್ಟಣವನ್ನು ಅವನ ಮುಂದೆ ಬಿಚ್ಚಿಟ್ಟಳು.

"ದೇವನೂರಿನ ಓಬಮ್ಮ ಕಳ್ಸವ್ಳೆ. ಈ ವರ್ಷದ ಹಸೀ ಜೇನಿಂದು" ಎಂದಳು.

ಅವನು ಆ ಬತ್ತಿಯನ್ನು ನೋಡಿದ, ಮುಟ್ಟಲಿಲ್ಲ. ಅವನು ತಲೆ ತಗ್ಗಿಸುವವರೆಗೆ ಅವಳು ಅಲ್ಲೇ ನಿಂತಿದ್ದಳು.